ಎರಡು ಡೀಸೆಲ್ ಲೋಕೋಗಳ ನಡುವೆ ಟ್ಯಾಂಕರ್ ಯಾಕೆ?

ಪ್ರಶ್ನೆ: ಸರ್, ಅಮೆರಿಕದ ಬರ್ಲಿಂಗ್ಟನ್ ನಾರ್ದರ್ನ್ ರೈಲಿನ ಹಳೇ ಫೋಟೋ ನೋಡಿದೆ. ಎರಡು ಹಸಿರು ಲೋಕೋಗಳ ನಡುವೆ ಒಂದು ಟ್ಯಾಂಕರ್ ಇದೆ. ಲೋಕೋ ಅಡಿಯಲ್ಲೇ ಟ್ಯಾಂಕ್ ಇರುತ್ತೆ ಅಲ್ವಾ? ಮತ್ತೆ ಇದ್ಯಾಕೆ?

ಉತ್ತರ (ನಿವೃತ್ತ ಡೀಸೆಲ್ ಶೆಡ್ ಇಂಜಿನಿಯರ್): ಅದು ಫ್ಯೂಯಲ್ ಟೆಂಡರ್, ಅಂದರೆ ಲೋಕೋಗಳಿಗೆ ಇಂಧನ ಕೊಡುವ ಟ್ಯಾಂಕ್ ಗಾಡಿ. 1980ರ ದಶಕದ್ದು. ಆ ಲೋಕೋಗಳು ಎಸ್‌ಡಿ40-2, ತಲಾ 3,000 ಎಚ್‌ಪಿ. ಎಂಟನೇ ನಾಚ್‌ನಲ್ಲಿ, ಅಂದರೆ ಥ್ರಾಟಲ್ ಪೂರ್ತಿ ಏರಿಸಿದಾಗ, ಒಂದೊಂದೂ ಗಂಟೆಗೆ 600 ಲೀಟರ್‌ಗಿಂತ ಜಾಸ್ತಿ ಕುಡಿಯುತ್ತದೆ. ಟೆಂಡರ್‌ನಲ್ಲಿ ಸುಮಾರು 75,000 ಲೀಟರ್ ಹಿಡಿಯುತ್ತದೆ. ಡೀಸೆಲ್ ಅಗ್ಗವಾಗಿ ಸಿಗುವ ಕಡೆ ಒಮ್ಮೆ ತುಂಬಿಸಿದರೆ, ದುಬಾರಿ ಊರುಗಳಲ್ಲಿ ನಿಲ್ಲಿಸದೆ ಹೋಗಬಹುದು. ಲೆಕ್ಕ ಅಷ್ಟೇ.

ಪ್ರಶ್ನೆ: ಹಿಂದಿನ ಲೋಕೋವನ್ನು ಮುಂದಿನವರು ಹೇಗೆ ಓಡಿಸುತ್ತಾರೆ?

ಉತ್ತರ: ಒಳ್ಳೇ ಪ್ರಶ್ನೆ. ಟ್ಯಾಂಕರ್ ತಂದು ಸುಮ್ನೆ ಸಿಕ್ಕಿಸಿದರೆ ಆಗುವುದಿಲ್ಲ. ಎಂಯು ಕೇಬಲ್ (ಮುಂದಿನ ಲೋಕೋದಿಂದಲೇ ಹಿಂದಿನದನ್ನೂ ಓಡಿಸುವ ವೈರು), ಬ್ರೇಕ್‌ನ ಗಾಳಿ ಪೈಪುಗಳು, ಎಲ್ಲವೂ ಟೆಂಡರ್‌ನ ಉದ್ದಕ್ಕೂ ಹಾದು ಹೋಗಬೇಕು. ಇಲ್ಲದಿದ್ದರೆ ಮುಂದೆ ನಾಚ್ ಏರಿಸಿದ್ದು ಹಿಂದಿನ ಲೋಕೋಗೆ ಗೊತ್ತೇ ಆಗದು. ಡೀಸೆಲ್ ಹೋಸ್‌ಗಳು ಬೇರೆ. ತೊಂದರೆಯೂ ಇದೆ: ಆ ಲೋಕೋಗಳು ಟೆಂಡರ್ ಜೊತೆಗೇ ಸೆಟ್ ಆಗಿಬಿಡುತ್ತವೆ. ಒಂದು ಕೆಟ್ಟರೆ ಬಿಚ್ಚಿ ಬೇರೆ ಹಾಕುವುದು ತಲೆನೋವು. ಶೆಡ್‌ನವರಿಗೆ ಇದು ಇಷ್ಟವಾಗದ ಕೆಲಸ, ನನ್ನನ್ನು ಕೇಳಿದರೆ!

ಪ್ರಶ್ನೆ: ನಮ್ಮ ಹುಬ್ಬಳ್ಳಿ ಶೆಡ್‌ನ ಡಬ್ಲ್ಯೂಡಿಜಿ-4 ಗೂಡ್ಸ್ ಲೋಕೋಗೆ ಹೀಗೆ ಮಾಡಬಹುದಿತ್ತಲ್ಲ?

ಉತ್ತರ: ಅದರ ಟ್ಯಾಂಕ್ 6,000 ಲೀಟರ್, ಎಸ್‌ಡಿ40-2ಗೆ ಹೋಲಿಸಿದರೆ ಚಿಕ್ಕದೇ. ಆದರೆ ನಮ್ಮಲ್ಲಿ ದಾರಿಯುದ್ದಕ್ಕೂ ಡೀಸೆಲ್ ತುಂಬಿಸುವ ರೈಲ್ವೆ ಡಿಪೋಗಳು (ಆರ್‌ಸಿಡಿ) ಇದ್ದವು. ಈಗಂತೂ ಬಹುಪಾಲು ಮಾರ್ಗಕ್ಕೆ ಕರೆಂಟ್ ತಂತಿ ಬಂದಿದೆ.

ಪ್ರಶ್ನೆ: ಹಾಗಾದರೆ ಟೆಂಡರ್ ಕಥೆ ಮುಗೀತಾ?

ಉತ್ತರ: ಇಲ್ಲ, ಗ್ಯಾಸ್ ಅದನ್ನು ವಾಪಸ್ ತಂದಿತು. ಅಮೆರಿಕದ ಫ್ಲೋರಿಡಾ ಈಸ್ಟ್ ಕೋಸ್ಟ್ ರೈಲ್ವೆ 2017ರ ಹೊತ್ತಿಗೆ ತನ್ನ 24 ಮೇನ್‌ಲೈನ್ ಲೋಕೋಗಳನ್ನು ಎಲ್‌ಎನ್‌ಜಿಗೆ, ಅಂದರೆ ದ್ರವರೂಪದ ನೈಸರ್ಗಿಕ ಅನಿಲಕ್ಕೆ ಬದಲಿಸಿತು. ಇಲ್ಲಿ ಟೆಂಡರ್ ಇಲ್ಲದೆ ಆಗುವುದೇ ಇಲ್ಲ. ಗ್ಯಾಸನ್ನು ದ್ರವವಾಗಿ ಇಡಲು ಮೈನಸ್ 162 ಡಿಗ್ರಿ ಚಳಿ ಬೇಕು. ಅದಕ್ಕೆ ಥರ್ಮಾಸ್ ಫ್ಲಾಸ್ಕ್ ತರಹ ಎರಡು ಗೋಡೆ, ನಡುವೆ ವ್ಯಾಕ್ಯೂಮ್. ಅಷ್ಟು ದಪ್ಪದ ಟ್ಯಾಂಕ್ ಲೋಕೋ ಅಡಿ ಹಿಡಿಸದು. ಟೆಂಡರ್ ನಡುವೆ ನಿಂತು ಎರಡೂ ಕಡೆಯ ಲೋಕೋಗೆ ಗ್ಯಾಸ್ ಕೊಡುತ್ತದೆ. ಇಂಧನದಲ್ಲಿ ಗ್ಯಾಸ್ ನೂರಕ್ಕೆ ಸುಮಾರು 80 ಭಾಗ, ಉಳಿದದ್ದು ಡೀಸೆಲ್. ಡೀಸೆಲ್ ಪೂರ್ತಿ ಬಿಡುವ ಹಾಗಿಲ್ಲ. ಸಿಲಿಂಡರ್‌ನಲ್ಲಿ ಮೊದಲು ಬೆಂಕಿ ಹತ್ತಿಸುವುದೇ ಅದು. ಗ್ಯಾಸ್ ಖಾಲಿಯಾದರೂ ರೈಲು ನಿಲ್ಲುವುದಿಲ್ಲ, ಲೋಕೋದ ಸ್ವಂತ ಟ್ಯಾಂಕ್‌ನಲ್ಲಿರುವ ಡೀಸೆಲ್ಲಿನಲ್ಲೇ ಓಡುತ್ತದೆ.