ಮನೇಲಿ ಮಾಡಿದ ಸೋಪು ನಾರ್ತಿದೆ, ಅನುಭವ ಇದ್ದವರು ಹೇಳಿ

ಹೊಸಕೈ:
ಕೋಲ್ಡ್ ಪ್ರೊಸೆಸ್‌ನಲ್ಲಿ (ಕುದಿಸದೆ, ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸೋದು) ನನ್ನ ಮೂರನೇ ಬ್ಯಾಚ್. 1 ಕಿಲೋ ಎಣ್ಣೆ: ಅರ್ಧ ಆಲಿವ್, 30% ಕೊಬ್ಬರಿ, 20% ಸೂರ್ಯಕಾಂತಿ. ಸೂಪರ್‌ಫ್ಯಾಟ್, ಅಂದ್ರೆ ಸೋಪಾಗದೆ ಹಾಗೇ ಉಳಿಯೋ ಎಣ್ಣೆ, 8%. ಸುಗಂಧ ಹಾಕಿಲ್ಲ. ಆರು ವಾರ ಒಣಗಿಸಿ ಮೂಗಿಗೆ ಹಿಡಿದ್ರೆ ಹಳೇ ಪೇಂಟ್ ಡಬ್ಬಿ ತೆಗೆದ ಹಾಗೆ ಕಮಟು. ಚುಕ್ಕೆ ಗಿಕ್ಕೆ ಏನೂ ಇಲ್ಲ. ಉಳಿಸ್ಕೋಬಹುದಾ, ಬಿಸಾಕ್ಲಾ?

ಕಿತ್ತಳೆಚುಕ್ಕೆ:
ಹಳೇ ಗಾಯ ಕೆದಕಿದ್ರಿ. ನನ್ನದು 34 ಸೋಪು ಹೋಯ್ತು. ನಯವಾಗಿರುತ್ತೆ ಅಂತ ಯಾರದೋ ಮಾತು ಕೇಳಿ ಸೂರ್ಯಕಾಂತಿ 40% ಸುರಿದಿದ್ದೆ. ಒಣಗೋಕೆ ಇಟ್ಟಿದ್ದು ಕಬ್ಬಿಣದ ಜಾಲರಿ ಮೇಲೆ, ಅದರ ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಐದನೇ ವಾರ ಮಗುಚಿ ನೋಡಿದ್ರೆ ತಂತಿ ತಾಗಿದಲ್ಲೆಲ್ಲ ಸ್ಕೇಲ್ ಇಟ್ಟು ಎಳೆದ ಹಾಗೆ ಕಿತ್ತಳೆ ಗೆರೆ, ಮುಟ್ಟಿದ್ರೆ ಜಿಗುಟು. ಚಾಕುವಲ್ಲಿ ಹೆರೆದೆ. ಎರಡು ವಾರಕ್ಕೆ ಮತ್ತೆ ಬಂತು. ಅಷ್ಟರಲ್ಲಿ 12 ಜನಕ್ಕೆ ಹಂಚಿ ಆಗಿತ್ತು, ಒಬ್ಬರು ಬಟ್ಟೆ ಬೀರುವಿನಲ್ಲಿ ಇಟ್ಕೊಂಡಿದ್ರಂತೆ, ಈಗಲೂ ನನ್ನ ಕಂಡ್ರೆ ಮಾತು ತಿರುಗಿಸ್ತಾರೆ. ಸೂರ್ಯಕಾಂತಿ ಥರ ಲಿನೋಲೆಯಿಕ್ ಆಮ್ಲ ಜಾಸ್ತಿ ಇರೋ ಎಣ್ಣೆ ಗಾಳಿಗೆ ಬೇಗ ಕೆಡುತ್ತೆ, ಕಬ್ಬಿಣ, ತಾಮ್ರ ತಾಗಿದ್ರೆ ಇನ್ನೂ ಬೇಗ. ಈಗ ಸೂರ್ಯಕಾಂತಿ 10% ದಾಟಲ್ಲ, ಸೂಪರ್‌ಫ್ಯಾಟ್ 5%, ನೀರು ಡಿಸ್ಟಿಲ್ಡ್ ಮಾತ್ರ.

ಮೇಕೆಹಾಲು:
ನಿಮ್ಮದು ಆರು ವಾರದ ಮೇಲೆ ಬಂದ ವಾಸನೆ. ನಂದು ಮೊದಲ ದಿನವೇ! ನೀರಿನ ಬದಲು ತಗೊಂಡ ಹಾಲಿಗೆ ಕಾಸ್ಟಿಕ್ ಹಾಕಿದ ಐದೇ ನಿಮಿಷಕ್ಕೆ ಕುಂಬಳಕಾಯಿ ಬಣ್ಣ, ಅಮೋನಿಯಾ ಘಾಟು, ಕಣ್ಣಲ್ಲಿ ನೀರು. ಕೆಟ್ಟೋಯ್ತು ಅಂತ 22 ಸೋಪು ಅಚ್ಚಿನ ಸಮೇತ ಎಸೆದೆ. ಅಚ್ಚು ಸಿಲಿಕೋನಿನದು, ಹೊಸದು, ಒಂದೇ ಸಲ ಬಳಸಿದ್ದು. ಆಮೇಲೆ ಗೊತ್ತಾಯ್ತು, ಕ್ಷಾರಕ್ಕೆ ಹಾಲಿನ ಪ್ರೋಟೀನ್ ಒಡೆದು ಬರೋ ವಾಸನೆ ಅದು, ಒಣಗ್ತಾ ಒಣಗ್ತಾ ಹೋಗುತ್ತೆ. ಎರಡನೇ ಸಲ ಹಾಲನ್ನ ಗಟ್ಟಿ ಐಸ್ ಮಾಡ್ಕೊಂಡು, ಕಾಸ್ಟಿಕ್ ಚಮಚ ಚಮಚವಾಗಿ ಉದುರಿಸಿದೆ, ಮುಕ್ಕಾಲು ಗಂಟೆ ಹಿಡಿತು. ಮೂರನೇ ವಾರಕ್ಕೆ ಒಂಚೂರೂ ವಾಸನೆ ಇಲ್ಲ. ಆದ್ರೆ ಆ ಅಚ್ಚು ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಕಹಿಬೇವು:
ವಾಸನೆ ಅಂದ್ರೆ ಇಷ್ಟೊಂದು ಭಯ ಯಾಕೋ. ನಾನು ಬೇವಿನೆಣ್ಣೆ 20% ಹಾಕ್ತೀನಿ. ಒಂದು ವರ್ಷ ಇಟ್ರೂ ಹೋಗಲ್ಲ, ಹೋಗೋದೂ ಬೇಡ. ಮನೆಯವರು ಬಚ್ಚಲಲ್ಲಿ ಅವರ ಸೋಪು ಬೇರೆ ಇಟ್ಕೊಂಡಿದ್ದಾರೆ, ಇಟ್ಕೊಳ್ಳಲಿ. ವಾಸನೆ ಇದ್ರೇ ಅದು ಅಸಲಿ.

ಲವಂಗದೇಟು:
ಅಸಲಿ ಅಂತೆ! ನಿಮ್ಮಂಥವರ ಮಾತು ನಂಬಿಯೇ ನಾನೂ 20% ಹಾಕಿದ್ದು. ಗಂಧಕ ಸೇರಿರೋ ನಾತ ಅದು ಮೇಡಂ, ಗುಣ ಅಲ್ಲ. ಮುಚ್ಚೋಕೆ ಅಂತ ಟ್ರೇಸ್ (ಮಿಶ್ರಣ ಮಂದವಾಗೋಕೆ ಶುರುವಾಗೋ ಹಂತ) ಬಂದ ಮೇಲೆ ಲವಂಗದೆಣ್ಣೆ ಹುಯ್ದೆ. ಹತ್ತು ಸೆಕೆಂಡು. ಪಾತ್ರೆಯಲ್ಲೇ ಸಿಮೆಂಟು! ಸ್ಟಿಕ್ ಬ್ಲೆಂಡರ್ ನಿಂತಲ್ಲೇ ನಿಂತು ಮೋಟಾರ್ ಹೊಗೆ ಬಂತು. ಉಳಿದದ್ದನ್ನ ಸೌಟಲ್ಲಿ ಕೆರೆದು ಅಚ್ಚಿಗೆ ಗುದ್ದಿ ತುಂಬಿದೆ, ಸೌಟಿನ ಹಿಡಿಯೂ ಮುರಿತು. ಕೊನೆಗೆ ಬಂದ ವಾಸನೆ ಏನು ಗೊತ್ತಾ? ಲವಂಗ ಒಂದು ಕಡೆ, ಬೇವು ಒಂದು ಕಡೆ, ಎರಡೂ ಒಟ್ಟಿಗೆ. ಈಗ ಬೇವು 5%ಗಿಂತ ಮೇಲೆ ಹೋಗಲ್ಲ.

ಕಹಿಬೇವು:
ಲವಂಗದೆಣ್ಣೆ ಹಾಕಿದ್ರೆ ಗಟ್ಟಿಯಾಗುತ್ತೆ ಅಂತ ಮೊದಲ ಬ್ಯಾಚ್ ಮಾಡೋರಿಗೂ ಗೊತ್ತು. ಬ್ಲೆಂಡರ್ ಸುಟ್ಟಿದ್ದಕ್ಕೂ ನಾನೇ ಕಾರಣವಾ?

ತಕ್ಕಡಿ:
ಜಗಳ ಆಮೇಲೆ ಆಡಿ. ಲೋಹದ ಅಂಶ ಕಟ್ಟಿಹಾಕದೆ ಕಮಟು ನಿಲ್ಲಲ್ಲ. ನಾನು ಎಣ್ಣೆಯ ತೂಕದ 1% ಸಿಟ್ರಿಕ್ ಆಸಿಡ್ ಹಾಕ್ತೀನಿ, ಕ್ಷಾರದಲ್ಲಿ ಸೋಡಿಯಂ ಸಿಟ್ರೇಟ್ ಆಗುತ್ತೆ, ಅದೇ ಲೋಹ ಹಿಡಿದಿಡೋದು. 10 ಗ್ರಾಂ ಹಾಕಿದ್ರೆ ಕಾಸ್ಟಿಕ್ 6 ಗ್ರಾಂ ಚಿಲ್ಲರೆ ಹೆಚ್ಚಿಗೆ ಬೇಕು. ಅದನ್ನ ಮರೆತು ಮೂರು ಬ್ಯಾಚ್ ಮೆತ್ತಗಾಗಿ, ಬೆರಳು ಒತ್ತಿದ್ರೆ ಗುಳಿ ಬೀಳ್ತಿತ್ತು. ಜೊತೆಗೆ ಎಣ್ಣೆ ಬೇಗ ಕೆಡದ ಹಾಗೆ ರೋಸ್‌ಮೆರಿ ಎಕ್ಸ್‌ಟ್ರಾಕ್ಟ್, ಎಣ್ಣೆ ಡಬ್ಬಿ ತೆರೆದ ದಿನವೇ.

ಕಿತ್ತಳೆಚುಕ್ಕೆ:
ವಿಟಮಿನ್ ಇ ಹಾಕಿ ಅಂತ ಇದೇ ಬಳಗದಲ್ಲಿ ಹೇಳಿದ್ರು, ಹಾಕಿದ್ದೆ. ಆ 34ರಲ್ಲೂ ಇತ್ತು.

ತಕ್ಕಡಿ:
ನಾನು ರೋಸ್‌ಮೆರಿ ಅಂದೆ. ಓದಿ ಉತ್ತರ ಬರೀರಿ.

ಮೇಕೆಹಾಲು:
ತುರಿದು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ದ್ರೆ ಆಗಲ್ವಾ?

ಲವಂಗದೇಟು:
ಕೆಟ್ಟ ಎಣ್ಣೆ ಕರಗಿಸಿದ್ರೆ ಒಳ್ಳೇದಾಗುತ್ತಾ? ನಾಲ್ಕು ಗಂಟೆ ಒಲೆ ಮುಂದೆ ನಿಂತು ಮಾಡಿ ನೋಡಿದ್ದೀನಿ. ಅಡುಗೆಮನೆಯೂ ನಾರ್ತು, ಅಷ್ಟೇ.

ಕಹಿಬೇವು:
ಎಲ್ಲಕ್ಕೂ ನೀವೇ ಪಂಡಿತರು.

ಹೊಸಕೈ:
ಕ್ಷಮಿಸಿ, ನನ್ನದರಲ್ಲಿ ಹಾಲೂ ಇಲ್ಲ, ಬೇವೂ ಇಲ್ಲ, ಒಣಗಿಸಿದ್ದು ಮರದ ಹಲಗೆ ಮೇಲೆ. ನೀರು ಡಿಸ್ಟಿಲ್ಡೇ.

ತಕ್ಕಡಿ:
ಎಣ್ಣೆ ಯಾವಾಗ ತೆರೆದಿದ್ದು?

ಹೊಸಕೈ:
ಸೂರ್ಯಕಾಂತಿ ಹೋದ ವರ್ಷದ್ದು, ಅರ್ಧ ಡಬ್ಬಿ ಉಳಿದಿತ್ತು, ಒಲೆ ಪಕ್ಕದ ಕಪಾಟಿನಲ್ಲಿ. ಈಗ ಮುಚ್ಚಳ ತೆಗೆದು ಮೂಸಿದೆ. ಅದೇ ಪೇಂಟ್ ವಾಸನೆ, ಸೋಪಿಗಿಂತ ಜೋರಾಗಿ.

ಕಿತ್ತಳೆಚುಕ್ಕೆ:
ನಾನು ಮೊದಲೇ ಹೇಳ್ಲಿಲ್ವಾ, ಸೂರ್ಯಕಾಂತಿ ಅಂತ!

ತಕ್ಕಡಿ:
ನೀವು ಹೇಳಿದ್ದು ಜಾಲರಿ. ಸೋಪು ಬಿಸಾಕಿ ಹೊಸಕೈ ಅವರೇ, ಡಬ್ಬಿನೂ. ನೆಲ ಒರೆಸೋಕೂ ಬೇಡ, ಮನೆಯೆಲ್ಲ ಅದೇ ವಾಸನೆ ಆಗುತ್ತೆ.

ಮೇಕೆಹಾಲು:
ಅಚ್ಚು ಮಾತ್ರ ಎಸೀಬೇಡಿ.

ಲವಂಗದೇಟು:
ಬ್ಲೆಂಡರ್ ಮೋಟಾರ್ ರಿಪೇರಿ ಆಗುತ್ತಾ? ಯಾರಾದ್ರೂ ಮಾಡಿಸಿದ್ದೀರಾ?

ಕಹಿಬೇವು:
ಕೈಯಲ್ಲಿ ತಿರುವಿದ್ರೆ ಆ ಪ್ರಶ್ನೆಯೇ ಬರ್ತಿರಲಿಲ್ಲ ಸಾರ್.