ಕುದುರೆಯ ಕಾಲಿಗೆ ಟೂರ್ನಿಕೆಟ್ ಕಟ್ಟಿ ಔಷಧ ಕೊಡುವುದು ಎಷ್ಟು ಸುರಕ್ಷಿತ?

ಪ್ರಶ್ನೆ

ನಮ್ಮ ಹೆಣ್ಣು ಕುದುರೆಗೆ ಮುಂಗಾಲಿನ ಫೆಟ್‌ಲಾಕ್ ಕೀಲಿನ (ಗೊರಸಿಗಿಂತ ಸ್ವಲ್ಪ ಮೇಲಿರುವ ಕೀಲು) ಪಕ್ಕದಲ್ಲಿ ತಂತಿ ತಗುಲಿ ಆಳವಾದ ಗಾಯವಾಗಿದೆ. ಸೋಂಕು ಕೀಲಿನೊಳಕ್ಕೂ ಇಳಿದಿದೆಯೆಂದು ಪಶುವೈದ್ಯರು ಕೀಲಿನ ದ್ರವವನ್ನು ಪರೀಕ್ಷಿಸಿ ತಿಳಿಸಿದ್ದಾರೆ. ಕೀಲನ್ನು ತೊಳೆದ ನಂತರ, ಮಂಡಿಯಿಂದ ಮೇಲೆ ಟೂರ್ನಿಕೆಟ್, ಅಂದರೆ ರಕ್ತದ ಹರಿವನ್ನು ತಡೆಯುವ ರಬ್ಬರ್ ಪಟ್ಟಿಯನ್ನು ಬಿಗಿದು, ಅದರ ಕೆಳಗಿನ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಕೊಟ್ಟು, ಅರ್ಧ ಗಂಟೆಯ ಕಾಲ ಪಟ್ಟಿಯನ್ನು ಬಿಚ್ಚದೆ ಇಡುವ ಚಿಕಿತ್ಸೆಯನ್ನು ಅವರು ಸೂಚಿಸಿದ್ದಾರೆ.

ಕುದುರೆಯ ಕಾಲಿನ ಕೆಳಭಾಗದಲ್ಲಿ ಮಾಂಸವೇ ಇಲ್ಲ. ಇರುವುದೆಲ್ಲ ಎಲುಬು, ಸ್ನಾಯುರಜ್ಜು ಮತ್ತು ಚರ್ಮ. ಅಂತಹ ಕಾಲಿಗೆ ಅಷ್ಟು ಹೊತ್ತು ರಕ್ತ ಹರಿಯದಿದ್ದರೆ ಸ್ನಾಯುರಜ್ಜುಗಳಿಗೋ ಗೊರಸಿಗೋ ಶಾಶ್ವತವಾದ ಹಾನಿಯಾಗುವುದಿಲ್ಲವೇ? ಅದೇ ಔಷಧವನ್ನು ಕುತ್ತಿಗೆಯ ರಕ್ತನಾಳಕ್ಕೆ ಕೊಟ್ಟರೆ ಸಾಲದೇ? ಇನ್ನೊಂದು ವಿಚಾರ: ರಕ್ತಸ್ರಾವವಾದಾಗ ಬಳಸಲು ಇಂತಹ ಪಟ್ಟಿಯೊಂದನ್ನು ಲಾಯದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಪಶುವೈದ್ಯರು)

ನಿಮ್ಮ ವೈದ್ಯರು ಸೂಚಿಸಿರುವುದು ಕೀಲಿನ ಸೋಂಕಿಗೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಚಿಕಿತ್ಸೆ. ಅದನ್ನು ಬೇಗ ಆರಂಭಿಸುತ್ತಿರುವುದು ನಿಮ್ಮ ಕುದುರೆಯ ಮಟ್ಟಿಗೆ ಒಳ್ಳೆಯದೇ ಆಗಿದೆ, ಏಕೆಂದರೆ ಸೋಂಕು ತಗುಲಿದ ಕೀಲಿನಲ್ಲಿ ಮೃದ್ವಸ್ಥಿಯು ಬೇಗನೆ ಸವೆಯುತ್ತದೆ ಮತ್ತು ಒಮ್ಮೆ ಸವೆದದ್ದು ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ.

ಕುತ್ತಿಗೆಯ ರಕ್ತನಾಳಕ್ಕೆ ಕೊಟ್ಟ ಔಷಧ ಇಡೀ ದೇಹಕ್ಕೆ ಹಂಚಿಹೋಗುವುದರಿಂದ, ಊದಿಕೊಂಡು ಕೀವು ತುಂಬಿದ ಕೀಲಿಗೆ ಅದರ ಅಲ್ಪ ಪಾಲು ಮಾತ್ರ ತಲುಪುತ್ತದೆ. 500 ಕೆ.ಜಿ. ತೂಗುವ ಕುದುರೆಗೆ ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಹಾಗೆ ಕೊಡುವುದಾದರೆ ಸುಮಾರು 5 ಗ್ರಾಂ ಬೇಕು. ಪಟ್ಟಿ ಕಟ್ಟಿ ಕಾಲಿಗೆ ಮಾತ್ರ ಕೊಡುವಾಗ ಸಾಮಾನ್ಯವಾಗಿ 1ರಿಂದ 3 ಗ್ರಾಂ ಔಷಧವನ್ನು ಲವಣ ದ್ರಾವಣದಲ್ಲಿ ಬೆರೆಸಿ, ಒಟ್ಟು 60ರಿಂದ 100 ಮಿ.ಲೀ.ಯಷ್ಟನ್ನು ನಿಧಾನವಾಗಿ ಏರಿಸುತ್ತೇವೆ. ಪಟ್ಟಿಯು ದಾರಿಯನ್ನು ಮುಚ್ಚಿರುವುದರಿಂದ ಕೆಳಗಿನ ಅಭಿಧಮನಿಗಳು ಉಬ್ಬಿ, ಆ ಒತ್ತಡಕ್ಕೆ ಔಷಧವು ಸುತ್ತಲಿನ ಅಂಗಾಂಶಕ್ಕೂ ಕೀಲಿನ ದ್ರವಕ್ಕೂ ಇಳಿಯುತ್ತದೆ. ಅಮಿಕಾಸಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ತನ್ನ ಸಾಂದ್ರತೆಯ ಬಲದಿಂದ. ಸಾಂದ್ರತೆಯು ಸಾಕಷ್ಟು ಎತ್ತರಕ್ಕೆ ಏರಿದರೆ ಅದು ಅಲ್ಪ ಹೊತ್ತು ಇದ್ದರೂ ಪರಿಣಾಮ ಉಳಿಯುತ್ತದೆ. ಈ ಗುಂಪಿನ ಔಷಧಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವಾದ್ದರಿಂದ, ಕಡಿಮೆ ಪ್ರಮಾಣದಲ್ಲಿ ಕೆಲಸವಾಗುವುದು ಸಣ್ಣ ಲಾಭವಲ್ಲ.

ಕಾಲಿನ ಕೆಳಭಾಗದಲ್ಲಿ ಮಾಂಸವಿಲ್ಲವೆಂಬುದು ನಿಮ್ಮ ಆತಂಕಕ್ಕೆ ಕಾರಣವಾಗಿದೆ. ಆದರೆ ರಕ್ತವಿಲ್ಲದೆ ಬೇಗ ಹಾನಿಗೊಳಗಾಗುವುದು ಮಾಂಸಖಂಡವೇ ಹೊರತು ಎಲುಬು ಮತ್ತು ಸ್ನಾಯುರಜ್ಜುಗಳಲ್ಲ. ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, 20ರಿಂದ 30 ನಿಮಿಷಗಳ ಅವಧಿಯನ್ನು ಕುದುರೆಯ ಕಾಲು ಚೆನ್ನಾಗಿ ತಾಳಿಕೊಳ್ಳುತ್ತದೆ. ನಾನು ಹೆಚ್ಚು ಚಿಂತಿಸುವುದು ಪಟ್ಟಿಯ ಅಡಿಯಲ್ಲೇ ಸಿಕ್ಕಿಕೊಳ್ಳುವ ನರ ಮತ್ತು ಚರ್ಮದ ಬಗ್ಗೆ. ಸಣ್ಣ ರಬ್ಬರ್ ಕೊಳವೆಯನ್ನು ಎಷ್ಟೇ ಬಿಗಿದರೂ ಆಳದ ರಕ್ತನಾಳ ಸರಿಯಾಗಿ ಮುಚ್ಚುವುದಿಲ್ಲ, ಆದರೆ ಚರ್ಮವನ್ನು ಮಾತ್ರ ಕೊರೆಯುತ್ತದೆ. ಸುಮಾರು 10 ಸೆಂ.ಮೀ. ಅಗಲದ ರಬ್ಬರ್ ಪಟ್ಟಿ ಅಥವಾ ಗಾಳಿ ತುಂಬುವ ಪಟ್ಟಿಯು ಒತ್ತಡವನ್ನು ಹರಡಿಕೊಂಡು ನಾಳವನ್ನು ಪೂರ್ತಿ ಮುಚ್ಚುತ್ತದೆ. ಮಂಡಿಯಿಂದ ಕೆಳಗೆ ಕಟ್ಟಬೇಕಾದಾಗ, ಎಲುಬಿಗೂ ಸ್ನಾಯುರಜ್ಜುವಿಗೂ ನಡುವಿನ ತಗ್ಗಿನಲ್ಲಿ ರಕ್ತನಾಳ ಅಡಗಿರುವುದರಿಂದ, ಆ ತಗ್ಗಿನ ಮೇಲೆ ಎರಡೂ ಬದಿಗೆ ಗಾಜ್ ಬಟ್ಟೆಯ ಸುರುಳಿಗಳನ್ನಿಟ್ಟು ಅದರ ಮೇಲೆ ಪಟ್ಟಿ ಸುತ್ತುತ್ತೇವೆ.

ಉತ್ತರ 2 (ಅರಿವಳಿಕೆ ವಿಭಾಗದಲ್ಲಿರುವವರು)

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಶಸ್ತ್ರಚಿಕಿತ್ಸೆಯ ಅನುಭವದಿಂದ ಕೆಲವು ಮಾತುಗಳನ್ನು ಸೇರಿಸಬೇಕೆನಿಸಿತು.

ಕಾಲಿನ ರಕ್ತವನ್ನು ರಬ್ಬರ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಒತ್ತಿ ಸರಿಸಿ, ರಕ್ತವಿಲ್ಲದ ಜಾಗದಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ಪದ್ಧತಿಯನ್ನು ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಖ್ 1873ರಲ್ಲಿ ವಿವರಿಸಿದರು; ಹೀಗೆ ಕಟ್ಟಿದ ಕಾಲು ಅಥವಾ ಕೈಯ ಅಭಿಧಮನಿಗೆ ಔಷಧ ಕೊಟ್ಟು ಅಷ್ಟು ಭಾಗವನ್ನು ಮಾತ್ರ ಮರಗಟ್ಟಿಸಬಹುದೆಂದು ಆಗಸ್ಟ್ ಬೀರ್ 1908ರಲ್ಲಿ ತೋರಿಸಿದರು. ಇವೆರಡೂ ಮನುಷ್ಯರ ಚಿಕಿತ್ಸೆಯಲ್ಲಿ ಹುಟ್ಟಿದವು. ನಿಮ್ಮ ಕುದುರೆಗೆ ಮಾಡಲಿರುವುದರ ಹಿಂದೆ ಇರುವುದೂ ಇದೇ ತತ್ತ್ವ.

ಗೊರಸಿನ ಒಳಭಾಗದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಅಲ್ಲಿ ಟೂರ್ನಿಕೆಟ್ ಇಲ್ಲದೆ ಕೈಹಾಕಿದರೆ ರಕ್ತದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಅಂತಹ ಶಸ್ತ್ರಚಿಕಿತ್ಸೆಗಳಲ್ಲಿ ಪಟ್ಟಿಯು ಒಂದು ಗಂಟೆಗೂ ಮೀರಿ ಇರುವುದುಂಟು. ಎರಡು ಗಂಟೆಯನ್ನು ಸಾಮಾನ್ಯವಾಗಿ ಮೇಲಿನ ಮಿತಿಯೆಂದು ಪರಿಗಣಿಸುತ್ತಾರೆ. ಕೆಲಸ ಮುಗಿದ ಮೇಲೆ ಮೊದಲು ಗೊರಸಿಗೆ ಬಿಗಿಯಾದ ಬ್ಯಾಂಡೇಜ್ ಸುತ್ತಿ, ಆಮೇಲೆ ಟೂರ್ನಿಕೆಟ್ ಸಡಿಲಿಸುತ್ತಾರೆ. ಪೂರ್ಣ ಅರಿವಳಿಕೆಯಲ್ಲಿರುವ ಕುದುರೆಗೆ ಪಟ್ಟಿ ಕಟ್ಟಿದ ಮೇಲೆ ರಕ್ತದೊತ್ತಡ ನಿಧಾನವಾಗಿ ಏರುತ್ತಾ ಹೋಗುವುದುಂಟು. ಬಿಚ್ಚಿದ ತಕ್ಷಣ ಅದು ಇಳಿಯುತ್ತದೆ. ಮಲಗಿರುವ ಕುದುರೆಯ ಸರಾಸರಿ ಅಪಧಮನಿ ಒತ್ತಡ 70 ಮಿ.ಮೀ. ಪಾದರಸಕ್ಕಿಂತ ಕೆಳಗೆ ಹೋದರೆ ಅದರ ದೇಹಭಾರವೇ ಅದರ ಮಾಂಸಖಂಡಗಳಿಗೆ ಅಪಾಯವಾಗುವುದರಿಂದ, ಪಟ್ಟಿ ಬಿಚ್ಚುವ ಮುನ್ನ ಶಸ್ತ್ರವೈದ್ಯರು ನಮಗೆ ತಿಳಿಸಲೇಬೇಕು. ನಿಮ್ಮ ಕುದುರೆಗೆ ನಿಂತಿರುವಂತೆಯೇ ಚಿಕಿತ್ಸೆ ನಡೆಯುವುದರಿಂದ ಈ ತೊಡಕು ಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಕುದುರೆ ಸ್ವಭಾವತಃ ಚಂಚಲ. ಅರ್ಧ ಗಂಟೆ ಅಲುಗಾಡದೆ ನಿಲ್ಲುವುದು ಅನುಮಾನ. ಅದರಿಂದ ಚಿಕಿತ್ಸೆಗೆ ತೊಂದರೆಯೇ? ಚಿಕಿತ್ಸೆಯ ನಂತರ ನಾವು ಏನನ್ನು ಗಮನಿಸುತ್ತಿರಬೇಕು?

ಉತ್ತರ 1 (ಪಶುವೈದ್ಯರು)

ಅದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಈ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಔಷಧ ಸೋರುವುದರಿಂದ. ಕುದುರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಾಗಲೆಲ್ಲ ಮುಂಗೈಯ ಮಾಂಸಖಂಡಗಳು ಬಿಗಿದು ಸಡಿಲಗೊಂಡು, ಪಟ್ಟಿಯ ಅಡಿಯಿಂದ ಔಷಧವನ್ನು ಮೇಲಕ್ಕೆ ತಳ್ಳುತ್ತವೆ. ಹಾಗಾಗಿ ಮಂಪರು ಔಷಧವನ್ನು ಸಾಕಷ್ಟು ಕೊಡುವುದಲ್ಲದೆ, ಪಟ್ಟಿಯ ನೋವೇ ಚಡಪಡಿಕೆಗೆ ಕಾರಣವಾಗುವುದರಿಂದ ಅದಕ್ಕಿಂತ ಮೇಲೆ ನರಗಳನ್ನು ಮರಗಟ್ಟಿಸುವುದೂ ಉಪಯುಕ್ತ. ಈ ಬಗ್ಗೆ ನಿಮ್ಮ ವೈದ್ಯರನ್ನು ಮುಂಚೆಯೇ ಕೇಳಿ, ಸಂಕೋಚ ಬೇಡ. ನೀವು ಮಾಡಬಹುದಾದ ಸಹಾಯವೆಂದರೆ ಅದನ್ನು ಪರಿಚಿತವಾದ, ಸದ್ದಿಲ್ಲದ ಜಾಗದಲ್ಲಿ ನಿಲ್ಲಿಸಿ, ಅದು ನಂಬುವ ಒಬ್ಬರೇ ತಲೆಯ ಬಳಿ ಇರುವಂತೆ ನೋಡಿಕೊಳ್ಳುವುದು.

ಸೂಜಿ ಚುಚ್ಚಿದ ಜಾಗಕ್ಕೆ ಕೂಡಲೇ ಒತ್ತಿ ಬ್ಯಾಂಡೇಜ್ ಹಾಕಬೇಕು. ಚಿಕಿತ್ಸೆಯನ್ನು ಒಂದೆರಡು ದಿನಗಳ ಅಂತರದಲ್ಲಿ ಮತ್ತೆ ಮಾಡಬೇಕಾಗಿ ಬರುವುದು ಸಾಮಾನ್ಯವಾದ್ದರಿಂದ ಆ ರಕ್ತನಾಳವನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ಅಲ್ಲಿ ಸ್ವಲ್ಪ ಊತ ಕಾಣಬಹುದು. ರಕ್ತನಾಳ ಹಗ್ಗದಂತೆ ಗಟ್ಟಿಯಾದರೆ, ಬಿಸಿಯೇರಿದರೆ, ಅಥವಾ ಮೊದಲು ಕಡಿಮೆಯಾಗಿದ್ದ ಕುಂಟು ಮತ್ತೆ ಹೆಚ್ಚಿದರೆ ಮಾರನೆಯ ದಿನದವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.

ಉತ್ತರ 3 (ಲಾಯದ ಮೇಲ್ವಿಚಾರಕರು)

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 500 ಕೆ.ಜಿ. ತೂಕದ ಕುದುರೆಯಲ್ಲಿ ಸುಮಾರು 40 ಲೀಟರ್ ರಕ್ತವಿರುತ್ತದೆ. ನೆಲದ ಮೇಲೆ ಒಂದೆರಡು ಲೀಟರ್ ಚೆಲ್ಲಿದರೆ ನೋಡಿದವರ ಎದೆ ಒಡೆಯುತ್ತದೆ, ಆದರೆ ಕುದುರೆ ಅದನ್ನು ತಾಳಿಕೊಳ್ಳಬಲ್ಲದು. ಆ ಗಾಬರಿಯಲ್ಲಿ ಜನರು ಕೈಗೆ ಸಿಕ್ಕ ಹಗ್ಗವನ್ನೋ ಹುರಿಯನ್ನೋ ಬಿಗಿದುಬಿಡುತ್ತಾರೆ, ಕಟ್ಟಿದ ಹೊತ್ತು ಯಾರಿಗೂ ನೆನಪಿರುವುದಿಲ್ಲ. ಹಾಗೆ ಕಟ್ಟಿದ್ದು ಅಭಿಧಮನಿಯನ್ನು ಮಾತ್ರ ಮುಚ್ಚಿ ಅಪಧಮನಿಯನ್ನು ಮುಚ್ಚದಿದ್ದರೆ ರಕ್ತಸ್ರಾವ ಇನ್ನೂ ಹೆಚ್ಚುತ್ತದೆ.

ಆದ್ದರಿಂದ ಪೆಟ್ಟಿಗೆಯಲ್ಲಿ ಮೊದಲು ದಪ್ಪ ಹತ್ತಿಯ ಹಾಸುಗಳನ್ನೂ ಅಗಲವಾದ, ಹಿಗ್ಗುವ ಬ್ಯಾಂಡೇಜ್‌ಗಳನ್ನೂ ಧಾರಾಳವಾಗಿ ಇಡಿ. ಗಾಯದ ಮೇಲೆ ಹಾಸನ್ನಿಟ್ಟು ಗಟ್ಟಿಯಾಗಿ ಒತ್ತಿ ಸುತ್ತಿ. ರಕ್ತ ಒಸರಿ ಹೊರಬಂದರೆ ಮೊದಲಿನದನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದು ಪದರ ಸುತ್ತಿ. ಕಾಲಿನ ಕೆಳಭಾಗದ ಹೆಚ್ಚಿನ ಗಾಯಗಳಿಗೆ ಇಷ್ಟು ಸಾಕಾಗುತ್ತದೆ. ಎಷ್ಟು ಒತ್ತಿದರೂ ಕೆಂಪು ರಕ್ತ ಚಿಮ್ಮುತ್ತಲೇ ಇದ್ದರೆ ಮಾತ್ರ, ವೈದ್ಯರೊಂದಿಗೆ ಫೋನಿನಲ್ಲಿ ಮಾತನಾಡುತ್ತಲೇ, ಗಾಯದಿಂದ ಮೇಲೆ ಅಗಲವಾದ ಪಟ್ಟಿಯನ್ನು ಕಟ್ಟಿ, ಕಟ್ಟಿದ ಸಮಯವನ್ನು ಬರೆದಿಡಿ. ಅದನ್ನು ನಡುನಡುವೆ ಸಡಿಲಿಸಿ ನೋಡಬೇಡಿ. ಬಿಚ್ಚುವುದು ವೈದ್ಯರು ಬಂದ ಮೇಲೆ ಅವರ ಕೈಯಿಂದಲೇ ಆಗಲಿ.