ಫಾರ್ವರ್ಡ್‌ನಲ್ಲಿ ಬಂದ ಇಪ್ಪತ್ತು ಪರ್ಸೆಂಟ್

ಪುಟ್ಟ: (ಫಾರ್ವರ್ಡ್ ಮಾಡಿದ ಸಂದೇಶ) ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರ ಮನೆಯಿಂದಲೇ ಶುರು ಮಾಡಿ!! ಹರಾಜಿನಲ್ಲಿ ಕಡಿಮೆಗೆ ಹಿಡಿಯಿರಿ, ತೊಳೆದು ಪಾಲಿಶ್ ಮಾಡಿ ಆನ್‌ಲೈನ್‌ಗೆ ಹಾಕಿ. ಪ್ರತಿ ಕಾರಿಗೂ 20% ಲಾಭ ಗ್ಯಾರಂಟಿ. ಹತ್ತು ಕಾರಿನಿಂದ ಶುರು ಮಾಡಿ.

ಪುಟ್ಟ: ಎಲ್ರೂ ಒಂದ್ಸಲ ಓದಿ. ಸ್ವಲ್ಪ ಬಂಡವಾಳ ಇದೆ, ನಾಲ್ಕು ಕಾರು ನಿಲ್ಲಿಸೋ ಜಾಗ ಇದೆ. ಇದರಲ್ಲಿ ಎಷ್ಟು ನಿಜ?

ಭಾವ: "ತೊಳೆದು" ಅನ್ನೋದೊಂದು ನಿಜ.

ಅತ್ತೆ: ಆ 20% ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ಅಂತರ ಕಣೋ, ಲಾಭ ಅಲ್ಲ. ಕೈಗೆ ಬರೋ ಬೆಲೆ 100 ಅಂತಿಟ್ಕೊಂಡು ಹಿಂದಕ್ಕೆ ಲೆಕ್ಕ ಹಾಕು. ರಿಪೇರಿಗೆ 5, ಸಾಗಣೆ ಮತ್ತೆ ಕಾಗದಪತ್ರಕ್ಕೆ 2, ಬಡ್ಡಿ, ಇನ್ಶೂರೆನ್ಸ್, ಜಾಗ ಎಲ್ಲಾ ಸೇರಿ 2, ಮಾರಿದ ಮೇಲೆ ಬರೋ ತಕರಾರಿಗೆ ಅಂತ 2, ನಿನಗೆ 8. ಉಳಿಯೋದು 81. ಅದಕ್ಕಿಂತ ಮೇಲೆ ಕೊಡೋ ಹಾಗಿದ್ರೆ ಆ ಕಾರು ಬಿಟ್ಬಿಡು. ತೆರಿಗೆ ಇನ್ನೂ ಕಳೆದಿಲ್ಲ ನೆನಪಿರಲಿ.

ದೊಡ್ಡಪ್ಪ: ಲೆಕ್ಕ ಸರಿ, ಆದ್ರೆ ಆ 100 ಅನ್ನೋದು ಎಲ್ಲಿಂದ ಬಂತು? ಜಾಹೀರಾತಿನ ಬೆಲೆ ನೋಡ್ಕೊಂಡು ಹೇಳೋರೇ ಎಲ್ಲಾ. ಅದು ಕೇಳೋ ಬೆಲೆ, ಸಿಕ್ಕಿದ ಬೆಲೆ ಅಲ್ಲ. ಪುಟ್ಟಾ, ಒಂದೇ ಮಾಡೆಲ್, ಒಂದೇ ವರ್ಷದ ಹತ್ತು ಜಾಹೀರಾತು ಗುರುತು ಮಾಡಿಟ್ಕೊಂಡು ಮೂರು ವಾರ ನೋಡ್ತಿರು. ಬೇಗ ಮಾಯವಾದವು ಎಷ್ಟಕ್ಕಿದ್ದವು, ಬೆಲೆ ಇಳಿಸ್ತಾ ಕೂತಿರೋವು ಎಷ್ಟಕ್ಕಿವೆ ಬರ್ಕೋ. ಮಾಯವಾದವುಗಳ ಬೆಲೆಯಿಂದ ಚೌಕಾಸಿಗೆ ಅಂತ ಇನ್ನೊಂದಿಷ್ಟು ಕಳೆ. ಅದು ನಿನ್ನ 100.

ಪುಟ್ಟ: ಹಾಗಿದ್ರೆ ಮಾರ್ಜಿನ್ ಜಾಸ್ತಿ ಇರೋ ಕಾರೇ ಹುಡುಕೋದು ಒಳ್ಳೇದಲ್ವಾ? 15% ಸಿಗೋ ಅಂಥದ್ದು?

ಅತ್ತೆ: ಎಷ್ಟು ದಿನಕ್ಕೆ ಮಾರ್ತೀಯ ಅನ್ನೋದನ್ನ ಬಿಟ್ಟು ಮಾತಾಡ್ತಿದೀಯ. 15% ಸಿಗೋ ಕಾರು ನಾಲ್ಕು ತಿಂಗಳು ನಿಂತ್ರೆ ವರ್ಷಕ್ಕೆ ಮೂರೇ ಸುತ್ತು, 45%. 8% ಸಿಗೋದು ತಿಂಗಳಿಗೊಂದು ಹೋದ್ರೆ ಹನ್ನೆರಡು ಸುತ್ತು, 96%. ಅದೇ ದುಡ್ಡು.

ದೊಡ್ಡಪ್ಪ: ಹನ್ನೆರಡು ಸುತ್ತು ಕಾಗದದ ಮೇಲೆ ಮಾತ್ರ ಕಣಮ್ಮ. ಒಂದು ಮಾರಿದ ಮಾರನೇ ದಿನವೇ ಅಂಥದ್ದೇ ಇನ್ನೊಂದು ಒಳ್ಳೇ ಗಾಡಿ ಎದುರಿಗೆ ಬಂದು ನಿಲ್ಲಲ್ಲ. ಹುಡುಕೋಕೆ ಎರಡು ವಾರ, ರಿಪೇರಿಗೆ ಒಂದು ವಾರ ಸೇರಿಸು. ಏಳೆಂಟು ಸುತ್ತು ಬಂದ್ರೆ ಜಾಸ್ತಿ.

ಅತ್ತೆ: ಏಳೇ ಇರಲಿ ಅಣ್ಣ, 56. ಆಗಲೂ 45ಕ್ಕಿಂತ ಮೇಲೇ. ಆ ನಾಲ್ಕು ತಿಂಗಳ ಕಾರಿಗೂ ಹುಡುಕಾಟ, ರಿಪೇರಿ ಇದ್ದೇ ಇರುತ್ತಲ್ಲ, ಅದನ್ನ ನಾನು ಸೇರಿಸೇ ಇಲ್ಲ.

ಭಾವ: ಹತ್ತು ಕಾರಿನ ಮಾತಂತೂ ಬಿಡಿ. ಶುರುವಿಗೆ ಎರಡು, ಹೆಚ್ಚಂದ್ರೆ ಮೂರು. ಬಂಡವಾಳದಲ್ಲಿ ಕಾಲು ಭಾಗ ಮುಟ್ಟದೆ ಇಡು, ರಿಪೇರಿ ಅಂದುಕೊಂಡಿದ್ದಕ್ಕಿಂತ ಮೇಲೆ ಹೋಗೋದೇ ರೂಢಿ. ಜೊತೆಗೆ ನಿಂತ ಗಾಡಿ ಸುಮ್ನೆ ನಿಂತಿರಲ್ಲ. ಕೀ ತೆಗೆದು ಲಾಕ್ ಮಾಡಿದ್ರೂ 50 ಮಿಲಿಆಂಪ್ ಎಳೀತಿರುತ್ತೆ ಅಂತಿಟ್ಕೊಂಡ್ರೆ ದಿನಕ್ಕೆ 1.2 ಆಂಪಿಯರ್-ಅವರ್. 45 ಆಂಪಿಯರ್-ಅವರ್ ಬ್ಯಾಟರಿ 19 ದಿನಕ್ಕೆ ಅರ್ಧ ಖಾಲಿ. ಗಿರಾಕಿ ಎದುರಿಗೆ ಜಂಪರ್ ಕೇಬಲ್ ಹಿಡ್ಕೊಂಡು ನಿಂತ್ರೆ ಬೆಲೆ ಅಲ್ಲೇ ಬಿತ್ತು. 12.4 ವೋಲ್ಟ್‌ಗಿಂತ ಕೆಳಗೆ ಹೋಗೋಕೆ ಬಿಡಬೇಡ.

ಪುಟ್ಟ: ಹರಾಜಿನದ್ದು?

ಭಾವ: ಹೊಸಬರಿಗೆ ಬೇಡ. ಅಲ್ಲಿ ಓಡಿಸಿ ನೋಡೋಕೆ ಬಿಡೋದು ಅಪರೂಪ, ಇದ್ದ ಹಾಗೇ ತಗೋಬೇಕು, ಕೂಗಿದ ಬೆಲೆ ಮೇಲೆ ಅವರ ಶುಲ್ಕ ಬೇರೆ.

ದೊಡ್ಡಪ್ಪ: ಒಪ್ಪಲ್ಲ. ಹರಾಜಲ್ಲದೆ ಕಡಿಮೆಗೆ ಎಲ್ಲಿ ಸಿಗುತ್ತೆ? ಎರಡು ಮೂರು ಸಲ ಕೂಗದೇ ಸುಮ್ನೆ ಕೂತು ನೋಡಲಿ, ಯಾವುದು ಎಷ್ಟಕ್ಕೆ ಹೋಯ್ತು ಅಂತ ಬರ್ಕೊಳ್ಳಲಿ. ಆಮೇಲೆ ಕೈ ಹಾಕಲಿ.

ಭಾವ: ಮಾವ, ಕೂತು ನೋಡೋದಕ್ಕೆ ನನ್ನ ಅಡ್ಡಿ ಇಲ್ಲ. ಆದ್ರೆ ಗ್ಯಾರೇಜ್‌ನವರ ಮೂಲಕ ಬರೋ ಗಾಡಿಗೆ ಸರ್ವಿಸ್ ಚರಿತ್ರೆ ಇರುತ್ತೆ, ಗೇರ್‌ಬಾಕ್ಸ್ ಬಿಚ್ಚಿದಾರಾ ಅಂತ ಗೊತ್ತಿರುತ್ತೆ. ಅವರಿಗೆ ಕಮಿಷನ್ ಕೊಟ್ರೂ ಅದೇ ಅಗ್ಗ.

ಪುಟ್ಟ: ಸರಿ, ನೋಡೋವಾಗ ಏನೇನು ನೋಡ್ಬೇಕು? ಇಂಜಿನ್ ಸದ್ದು ಕೇಳಿದ್ರೆ ಸಾಕಾ?

ಭಾವ: ಸದ್ದು ಆಮೇಲೆ. ಮೊದಲು ಪೇಂಟ್ ಗೇಜ್, ಅಂದ್ರೆ ಪೇಂಟಿನ ದಪ್ಪ ಅಳೆಯೋ ಸಾಧನ. ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ರೂಫ್ ಮೇಲೆ ಅಳೆದು ಅದನ್ನೇ ಆ ಗಾಡಿಯ ಮಟ್ಟ ಅಂತಿಟ್ಕೋ. ಒಂದು ಬಾಗಿಲಲ್ಲಿ 250 ಬಂದ್ರೆ ಮತ್ತೆ ಪೇಂಟ್ ಆಗಿದೆ, ಅಷ್ಟಕ್ಕೇ ಬಿಡಬೇಕಿಲ್ಲ. 500, 1000 ಬಂದ್ರೆ ಒಳಗೆ ಪುಟ್ಟಿ, ತಗ್ಗು ಮುಚ್ಚೋಕೆ ಮೆತ್ತೋ ಪೇಸ್ಟ್. ರೂಫ್ ಹೊರೋ ಪಿಲ್ಲರ್ ಮೇಲೆ ಪುಟ್ಟಿ ಸಿಕ್ಕಿದ್ರೆ ಎಷ್ಟು ಅಗ್ಗವಾದ್ರೂ ವಾಪಸ್ ಬಾ. ಗೇಜ್ ಕೊಳ್ಳೋವಾಗ ಅಲ್ಯೂಮಿನಿಯಂ ಮೇಲೂ ಓದೋದು ತಗೋ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಏನೂ ತೋರಿಸಲ್ಲ. ಫೆಂಡರ್, ಬಾನೆಟ್ ಬೋಲ್ಟ್‌ಗಳ ಮೂಲೆ ಪೇಂಟ್ ಕಿತ್ತಿದ್ರೆ ಸ್ಪ್ಯಾನರ್ ಹಾಕಿ ಬಿಚ್ಚಿದಾರೆ ಅಂತ ಅರ್ಥ.

ಭಾವ: ಆಮೇಲೆ ಸ್ಕ್ಯಾನರ್, ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ದೋಷದ ಕೋಡ್ ಓದೋ ಸಾಧನ. ಎರರ್ ಕೋಡ್ ಇಲ್ಲ ಅಂದಾಕ್ಷಣ ಖುಷಿ ಪಡಬೇಡ. ರೆಡಿನೆಸ್ ಮಾನಿಟರ್ ಅಂತ ಪುಟ ಇರುತ್ತೆ, ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡಿದ್ದು ಮುಗೀತಾ ಅಂತ ತೋರಿಸೋದು, ಅಲ್ಲಿ ಸಾಲಾಗಿ "ಅಪೂರ್ಣ" ಅಂತ ಇದ್ರೆ ಕೋಡನ್ನ ಈಗಷ್ಟೇ ಅಳಿಸಿದಾರೆ, ಇಲ್ಲಾ ಬ್ಯಾಟರಿ ಕಳಚಿದಾರೆ. ಇಪ್ಪತ್ತು ನಿಮಿಷದ ಟೆಸ್ಟ್ ಡ್ರೈವಲ್ಲಿ ಅವೆಲ್ಲ ಪೂರ್ತಿ ಆಗಲ್ಲ, ಅದನ್ನೇ ನಂಬಿ ಅಳಿಸೋದು.

ಅತ್ತೆ: ಮೀಟರ್ ತಿರುಗಿಸಿರೋದು?

ಭಾವ: ಮೀಟರ್ ಒಂದನ್ನೇ ನಂಬೋಕಾಗಲ್ಲ ಅತ್ತೆ. ಕೆಲವು ಗಾಡೀಲಿ ಬೇರೆ ಮಾಡ್ಯೂಲ್‌ಗಳಲ್ಲೂ (ಗಾಡಿಯೊಳಗಿನ ಸಣ್ಣ ಕಂಪ್ಯೂಟರ್‌ಗಳು) ಕಿಲೋಮೀಟರ್ ಉಳಿದಿರುತ್ತೆ, ತಾಳೆ ನೋಡ್ಬಹುದು. ಇಲ್ಲಾಂದ್ರೆ ಟೈರ್ ನೋಡು ಪುಟ್ಟ: ಪಕ್ಕದಲ್ಲಿ ನಾಲ್ಕು ಅಂಕಿ, 2319 ಅಂದ್ರೆ 2019ರ 23ನೇ ವಾರ. ಮೀಟರ್ 25,000 ಅನ್ನುತ್ತೆ, ನಾಲ್ಕೂ ಟೈರ್ ಗಾಡಿಗಿಂತ ಮೂರು ವರ್ಷ ಹೊಸದು ಅಂದ್ರೆ ಹಳೇ ಟೈರ್ ಅಷ್ಟು ಬೇಗ ಎಲ್ಲಿ ಸವೀತು ಅಂತ ಕೇಳ್ಬೇಕು. ಪೆಡಲ್ ರಬ್ಬರು, ಸ್ಟೇರಿಂಗಿನ ಮೇಲ್ಭಾಗ, ಡ್ರೈವರ್ ಸೀಟಿನ ಅಂಚು, ಇವಕ್ಕೂ ಮೀಟರಿಗೂ ಹೊಂದಬೇಕು.

ಭಾವ: ಇನ್ನು ನೀರಲ್ಲಿ ಮುಳುಗಿದ ಗಾಡಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೇಲಿ ಕೆಸರಿನ ಗೆರೆ ಇದೆಯಾ ನೋಡು. ಸೀಟ್ ರೈಲಿನ ತುಕ್ಕು, ಫ್ಯೂಸ್ ಬಾಕ್ಸ್ ಪಿನ್ನುಗಳ ಮೇಲಿನ ಹಸಿರು ಪುಡಿ. ಸೀಟ್ ಕವರ್ ಹೊಸದು ಹಾಕ್ತಾರೆ, ರೈಲು ಯಾರೂ ಬದಲಾಯಿಸಲ್ಲ.

ದೊಡ್ಡಪ್ಪ: ಕೊಂಡ ಮೇಲೆ ಪೂರ್ತಿ ಪೇಂಟ್ ಹೊಡೆಸಿಬಿಡು. ಕಣ್ಣಿಗೆ ಹೊಳೆದ್ರೆ ಗಿರಾಕಿ ಬರ್ತಾನೆ.

ಭಾವ: ಮಾವ, ದಯವಿಟ್ಟು ಅದನ್ನ ಹೇಳ್ಬೇಡಿ 😅 ಈಗ ಗಿರಾಕೀನೇ ಗೇಜ್ ತರ್ತಾನೆ. ಎಲ್ಲಾ ಕಡೆ 250 ಕಂಡ್ರೆ ಆಕ್ಸಿಡೆಂಟ್ ಗಾಡಿ ಅಂತಲೇ ಓಡಿಹೋಗ್ತಾನೆ. ಸಣ್ಣ ಗೀರಿರೋ ಒರಿಜಿನಲ್ ಪೇಂಟಿಗೇ ಬೆಲೆ. ಪೇಂಟ್ ಒಡೆಯದ ಸಣ್ಣ ತಗ್ಗನ್ನ ಒಳಗಿಂದ ಒತ್ತಿ ತೆಗೆಸಿದ್ರೆ ಆಯ್ತು. ದುಡ್ಡು ಟೈರು, ಬ್ರೇಕು, ಎಸಿಗೆ ಹಾಕಲಿ. ಇಂಜಿನ್‌ಗೂ ಪ್ರೆಷರ್ ವಾಷ್ ಬೇಡ: ಸ್ಪಾರ್ಕ್ ಕೊಡೋ ಕಾಯಿಲ್‌ನ ಕನೆಕ್ಟರ್‌ಗೆ ನೀರು ಹೋಗಿ ಮಿಸ್‌ಫೈರ್ ಆಗಿ ಇಂಜಿನ್ ತಡವರಿಸ್ಬಹುದು, ಜೊತೆಗೆ ಆಯಿಲ್ ಲೀಕ್ ಮುಚ್ಚಿದಾರೆ ಅನ್ನೋ ಅನುಮಾನ.

ದೊಡ್ಡಪ್ಪ: ಬಣ್ಣ ಮಾಸಿದ ಗಾಡಿ ಫೋಟೋಲೇ ಸೋಲುತ್ತೆ. ನನ್ನ ಮಾತು ಅಷ್ಟೇ.

ಅತ್ತೆ: ಕಾಗದದ ವಿಷಯ ಯಾರೂ ಹೇಳ್ಲಿಲ್ಲ. ಚಾಸಿಸ್ ನಂಬರ್ ಗಾಡಿ ಮೇಲಿರೋದೂ ನೋಂದಣಿ ಪತ್ರದಲ್ಲಿರೋದೂ ಒಂದೊಂದೇ ಅಕ್ಷರ ತಾಳೆ ಆಗ್ಬೇಕು. ಸಾಲ ಬಾಕಿ ಇದ್ರೆ ಮಾರೋರ ಕೈಗೆ ದುಡ್ಡು ಕೊಡ್ಬೇಡ, ಸಾಲ ಕೊಟ್ಟೋರಿಗೇ ನೇರ ಕಟ್ಟಿ ತೀರುವಳಿ ಪತ್ರ ಇಸ್ಕೋ. ಮಾರೋವಾಗ ಕೀ ಕೊಟ್ಟ ದಿನಾಂಕ ಮತ್ತೆ ಗಂಟೆ ಬರೆದು ಸಹಿ ಹಾಕಿಸ್ಕೋ, ಹೆಸರು ಬದಲಾಗೋ ಮುಂಚೆ ಏನಾದ್ರೂ ಆದ್ರೆ ಅದು ದಾಖಲೆ ಆಗುತ್ತೆ. ಲೈಸೆನ್ಸ್, ತೆರಿಗೆ ಒಂದೊಂದು ಕಡೆ ಒಂದೊಂದು ಥರ, ಮೊದಲ ಕಾರು ಕೊಳ್ಳೋ ಮುಂಚೆ ಲೆಕ್ಕ ಪರಿಶೋಧಕರನ್ನ ಕೇಳು.

ಪುಟ್ಟ: ವಾರಂಟಿ ಕೊಡ್ಲಾ?

ಅತ್ತೆ: ಇಂಜಿನ್, ಗೇರ್‌ಬಾಕ್ಸ್‌ಗೆ ಮಾತ್ರ ಒಂದು ತಿಂಗಳು, ಬರಹದಲ್ಲಿ. ಆ 2 ಎತ್ತಿಟ್ಟಿದ್ದು ಅದಕ್ಕೇ.

ದೊಡ್ಡಪ್ಪ: ಬರಹದಲ್ಲಿ ಬೇಡ. ತೊಂದ್ರೆ ಬಂದ್ರೆ ನೋಡ್ಕೊಂಡ್ರಾಯ್ತು.

ಅತ್ತೆ: ಅಣ್ಣ, ಬರೀದಿದ್ರೆ ಗಿರಾಕಿ ವೈಪರ್ ಬ್ಲೇಡಿಗೂ ಬರ್ತಾನೆ. ಬರೆದ್ರೆ ಏನು ಸೇರಿಲ್ಲ ಅನ್ನೋದೂ ಬರೆದ ಹಾಗೆ.

ಪುಟ್ಟ: ನಾಳೆ ಬೆಳಿಗ್ಗೆ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ನೋಡೋಕೆ ಹೋಗ್ತೀನಿ ಭಾವ. ಸುಮ್ನೆ ನೋಡೋಕೆ.

ಭಾವ: ಈಗಲೇ ಅವರಿಗೆ ಫೋನ್ ಮಾಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳು. ಹೋದ ತಕ್ಷಣ ಬಾನೆಟ್ ಎತ್ತಿಸಿ ಇಂಜಿನ್ ಹತ್ರ ಕೈ ಹಿಡಿದು ನೋಡು. ಬಿಸಿ ಇದ್ರೆ ಇನ್ನೊಂದು ದಿನ ಹೋಗು, ತಣ್ಣಗಿರೋ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದನ್ನೇ ನೋಡ್ಬೇಕಾಗಿರೋದು. ಅಡ್ವಾನ್ಸ್ ಕೊಡ್ಬೇಡ.